ದುಬೈಯಿಂದ ಬಂದ ಫಾಗ್ ಲೈಟು

"ಈ ವಯರ್ ಕತ್ತರಿಸಿದ್ದು ಯಾರು ಅಂಕಲ್?" ಕಾರ್ ಶೋರೂಮಿನ ಸರ್ವಿಸ್ ಕೌಂಟರಿನ ಸುರಕ್ಷಾ ಕೇಳಿದಳು. ಬಾನೆಟ್ಟಿನೊಳಗೆ ವಯರಿನ ಕಟ್ಟಿಗೆ ಸುತ್ತಿದ್ದ ಕಪ್ಪು ಟೇಪು ಕರಗಿ ಅಂಟಿಕೊಂಡಿತ್ತು.

ತುಕ್ರಪ್ಪ ಕಾರಿನ ಮುಂದೆ ಹೊಸದಾಗಿ ಹಾಕಿಸಿದ್ದ ಫಾಗ್ ಲೈಟಿನ ಗಾಜನ್ನು ಅಂಗಿಯ ತೋಳಿನಿಂದ ಒರೆಸಿದ. ಇಪ್ಪತ್ತು ವರ್ಷ ಬೇರೆಯವರ ಟ್ಯಾಕ್ಸಿ ಓಡಿಸಿ, ಏಳು ತಿಂಗಳ ಹಿಂದಷ್ಟೇ ತನ್ನದೊಂದು ಕೊಂಡಿದ್ದ. ಬಿ.ಸಿ. ರೋಡಿನಿಂದ ಧರ್ಮಸ್ಥಳಕ್ಕೆ ಯಾತ್ರಿಕರ ಬಾಡಿಗೆ. ಮೊನ್ನೆ ಬೆಳ್ತಂಗಡಿ ಪೇಟೆಯ ನಡುವೆ ನಿಂತ ಕಾರು ಮತ್ತೆ ಸ್ಟಾರ್ಟ್ ಆಗಿರಲಿಲ್ಲ.

"ನಿಮ್ಮ ಲೈಟಿಗೆ ಏನೂ ಆಗಲಿಲ್ಲ. ಸುಟ್ಟದ್ದು ಇಂಜಿನ್ನಿನ ಕಂಪ್ಯೂಟರು. ಎಪ್ಪತ್ತು ಸಾವಿರ ಆಗ್ತದೆ."

"ಮೂರು ವರ್ಷ ವಾರಂಟಿ ಉಂಟಲ್ಲ ಮಗಳೇ?"

"ಉಂಟು. ಗೇರ್‌ಬಾಕ್ಸಿಗೆ ಉಂಟು, ಎ.ಸಿ.ಗೆ ಉಂಟು. ಹೊರಗೆ ಕತ್ತರಿಸಿದ ವಯರಿಗೆ, ಅದರಿಂದ ಸುಟ್ಟದ್ದಕ್ಕೆ ಇಲ್ಲ. ಆದರೂ ಕಂಪನಿಯವರಲ್ಲಿ ಒಮ್ಮೆ ಬೇಡಿ ನೋಡಬಹುದಿತ್ತು. ನೀವೇ ಇದನ್ನು ಕೊಟ್ಟುಬಿಟ್ಟಿರಲ್ಲ. ಬೆಳಿಗ್ಗೆಯೇ ಸ್ಕ್ಯಾನ್ ಆಗಿ ಕಂಪನಿಗೆ ಹೋಯ್ತು."

ಅವಳು ಎತ್ತಿ ತೋರಿಸಿದ್ದು ಅವನದೇ ಫೈಲು. ತುಕ್ರಪ್ಪ ಒಂದು ಕಾಗದವನ್ನೂ ಬಿಸಾಡುವವನಲ್ಲ. ಆರ್.ಸಿ., ಇನ್ಶೂರೆನ್ಸ್, ವಾಹನಪೂಜೆಯ ರಶೀದಿ, ಎಲ್ಲ ಅದರಲ್ಲೇ. ಲೈಟು ಕೂರಿಸಿದ ಹಾಜಬ್ಬನ ಅಂಗಡಿಯ ಬಿಲ್ಲೂ ಇತ್ತು: 'ಗಿರಾಕಿ ಹೇಳಿದಂತೆ ವಯರ್ ಕತ್ತರಿಸಿ ಫಿಟ್ಟಿಂಗ್.' ಕೆಳಗೆ ತುಕ್ರಪ್ಪನ ರುಜು, ಗುಂಡಗೆ, ಅಂದವಾಗಿ.

ಹಾಜಬ್ಬ ಅಂದು ಬೇಡವೆಂದೇ ಹೇಳಿದ್ದ. "ಕತ್ತರಿಸದೆ ಸಿಕ್ಕಿಸುವ ವಯರ್ ಸೆಟ್ ಸಿಗ್ತದೆ ತುಕ್ರಪ್ಪಣ್ಣ. ತರಿಸ್ತೇನೆ, ಒಂದು ವಾರ ನಿಲ್ಲುವ." ಆದರೆ ಲೈಟು ತಂದ ನಿತ್ಯಾನಂದ, ಹೆಂಡತಿಯ ತಮ್ಮ, ಎರಡು ದಿನದಲ್ಲಿ ದುಬೈಗೆ ಹೊರಡುವವನು. "ಅಲ್ಲಿಂದ ಹೊತ್ತು ತಂದದ್ದು ಭಾವ. ಉರಿಯುವುದನ್ನು ನೋಡದೆ ವಿಮಾನ ಹತ್ತುವುದಾ?" ಎಂದು ಮುಖ ಸಣ್ಣ ಮಾಡಿದ್ದ. "ಕತ್ತರಿಸು ಮಾರಾಯ" ಎಂದದ್ದು ತುಕ್ರಪ್ಪನೇ.

ಈಗ ಫೋನು ಬಡಿದುಕೊಂಡಿತು. ವೀಡಿಯೊದಲ್ಲಿ ಅದೇ ನಿತ್ಯಾನಂದ, ಹಿಂದೆ ಅವನ ರೂಮಿನ ನಾಲ್ಕು ಮಂದಿ.

"ಓ ಭಾವ, ಕಾರಿನ ಹತ್ತಿರವೇ ಇದ್ದೀರಿ! ಹೇಗುಂಟು ಕಾರು?"

ಸುರಕ್ಷಾ ಬಿಲ್ಲಿನ ಕಡೆ ಕಣ್ಣು ತಗ್ಗಿಸಿದಳು.

"ಒಳ್ಳೆದುಂಟು. ನಿನ್ನದು ಊಟ ಆಯ್ತಾ?"

"ಆಯ್ತು, ಆಯ್ತು. ನಾನು ಕೊಟ್ಟ ಲೈಟು ಅಂದರೆ ಇವರು ನಂಬುವುದಿಲ್ಲ ಮಾರಾಯ್ರೇ. ಲೈಟು ಒಮ್ಮೆ ಹಾಕಿ ತೋರಿಸಿ."

ತುಕ್ರಪ್ಪ ಬಾಗಿಲಿನೊಳಗೆ ಕೈ ಚಾಚಿ ಸ್ವಿಚ್ಚು ಒತ್ತಿದ. ಸತ್ತ ಕಾರಿನ ಮುಂದೆ ಎರಡು ಹಳದಿ ದೀಪಗಳು ಜಗ್ಗನೆ ಹತ್ತಿಕೊಂಡವು.