ಏಳನೆಯ ನಿಯಮ ಬರೆದವರು

ಜಾಹ್ನವಿ ಆ ಸಮಿತಿಗೆ ಸೇರಿದ್ದು ಬೇರೆ ಯಾರೂ ಸಿಗದೆ ಹೋಗಿದ್ದರಿಂದ. ಮೈಸೂರಿನಿಂದ ಜಪಾನಿನ ಸೆಂಡಾಯ್‌ಗೆ ಲೋಹಗಳ ಮೇಲೆ ಸಂಶೋಧನೆ ಮಾಡಲು ಬಂದವಳು ಅವಳು. ಸಂಜೆ ವಿಶ್ವವಿದ್ಯಾಲಯದ ಟೇಬಲ್ ಟೆನಿಸ್ ಕ್ಲಬ್ಬಿನಲ್ಲಿ ಆಡುತ್ತಿದ್ದಳು. ಸುತ್ತಲಿನ ಒಂಬತ್ತು ಕಾಲೇಜುಗಳು ಸೇರಿ ಹಿರೋಸೆ ಲೀಗ್ ಎಂಬ ಪಂದ್ಯಾವಳಿ ನಡೆಸುತ್ತವೆ. ಅದರ ಸಮಿತಿಯಲ್ಲಿ ಐದು ಜನ. ೨೦೨೧ರಲ್ಲಿ ಅವಳ ಕ್ಲಬ್ಬಿನ ಸರದಿ ಬಂದಾಗ ಹಿರಿಯರೆಲ್ಲ ಕೆಲಸ ಹುಡುಕುವ ಗಡಿಬಿಡಿಯಲ್ಲಿದ್ದರು, ಕಿರಿಯರು ಕೊರೊನಾಕ್ಕೆ ಹೆದರಿ ಊರು ಸೇರಿದ್ದರು. ಹಾಜರಿದ್ದವಳು ಇವಳೊಬ್ಬಳೇ.

ಮೊದಲ ಜೂಮ್ ಸಭೆಯಲ್ಲಿ ಅವಳಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ಪರದೆಯ ಮೇಲಿದ್ದ ಉಳಿದ ನಾಲ್ವರೂ ಇಪ್ಪತ್ತು, ಇಪ್ಪತ್ತೊಂದರವರು. ಅವರ ನಡುವೆ ಇಪ್ಪತ್ತಾರರ ಅವಳೇ ಹಿರಿಯಳು.

"ದೊಡ್ಡೋರು ಯಾವಾಗ ಬರ್ತಾರೆ?" ಎಂದು ಕೇಳಿದಳು.

ಅಧ್ಯಕ್ಷ ಒನೊದೆರಾ ಅರ್ಥಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿ, ಮಾತಿಗೆ ಮೊದಲು ಕನ್ನಡಕ ಸರಿಮಾಡಿಕೊಳ್ಳುವವನು. "ಯಾರೂ ಬರಲ್ಲ. ಸಲಹೆಗಾರ ಪ್ರೊಫೆಸರ್ ಒಬ್ಬರಿದ್ದಾರೆ, ವರ್ಷಕ್ಕೊಂದ್ಸಲ ಮೊಹರು ಒತ್ತುತ್ತಾರೆ. ಲೀಗ್ ನಡೆಸೋದು ನಾವೇ," ಎಂದ.

ನಿಯಮ ಮಾಡುವವರೂ ವಿದ್ಯಾರ್ಥಿಗಳು, ಮುರಿಯುವವರೂ ವಿದ್ಯಾರ್ಥಿಗಳು, ಶಿಕ್ಷೆ ಕೊಡುವವರೂ ವಿದ್ಯಾರ್ಥಿಗಳು. ಮೈಸೂರಿನಲ್ಲಿ ಅವಳು ಅಂತರ ಕಾಲೇಜು ಪಂದ್ಯ ಆಡುವಾಗ ಒಂದು ಚೆಂಡು ಬೇಕಿದ್ದರೂ ದೈಹಿಕ ಶಿಕ್ಷಣದ ಮೇಷ್ಟ್ರ ಸಹಿ ಬೇಕಿತ್ತು. ಇದು ಹೇಗೆ ನಡೆಯುತ್ತದೋ ನೋಡಿಯೇಬಿಡೋಣ ಎನ್ನಿಸಿತು ಅವಳಿಗೆ.

ಐದು ತಿಂಗಳು ನಡೆದದ್ದು ಬರೀ ಆಟಗಾರರ ಜ್ವರದ ಪಟ್ಟಿ ನೋಡುವ ಕೆಲಸ. ಸೆಪ್ಟೆಂಬರಿನಲ್ಲಿ ಹೆಸರಿಲ್ಲದ ಒಂದು ಪತ್ರ ಬಂತು. ಸಣ್ಣ ಮಹಿಳಾ ಕಾಲೇಜೊಂದರ ಕುಮಗಾಯ್ ಚಿಹೊ ಎಂಬ ಮೂರನೇ ವರ್ಷದ ಆಟಗಾರ್ತಿ ವಿಡಿಯೊ ಮೂಲಕ ಟೇಬಲ್ ಟೆನಿಸ್ ಕಲಿಸಿ ಹಣ ಪಡೆಯುತ್ತಿದ್ದಾಳೆ ಎಂದು ಅದರಲ್ಲಿತ್ತು. ಜೊತೆಗೆ ಮೊಬೈಲ್ ಪರದೆಯ ಚಿತ್ರವೊಂದು.

ಒನೊದೆರಾ ನಿಯಮ ಪುಸ್ತಕ ತೆಗೆದು ಏಳನೆಯದನ್ನು ಓದಿದ: "ಟೇಬಲ್ ಟೆನಿಸ್ ಕೌಶಲದಿಂದ ಪ್ರತಿಫಲ ಪಡೆದವರು ಲೀಗ್‌ನಲ್ಲಿ ಆಡತಕ್ಕದ್ದಲ್ಲ. ಕ್ರೀಡೆಯ ಪಾವಿತ್ರ್ಯವನ್ನು ಕಾಪಾಡುವುದು ಇದರ ಉದ್ದೇಶ." ಓದಿ ಮುಗಿಸಿ, "ಸ್ಪಷ್ಟವಾಗಿದೆ. ಒಂದು ವರ್ಷ ನಿಷೇಧ. ನವೆಂಬರ್ ಪಂದ್ಯಕ್ಕೆ ಅವರ ಹೆಸರು ತೆಗೆಯೋಣ," ಎಂದ.

"ಒಪ್ಪಿಗೆ," ಎಂದ ಹಿರಾಗಾ. ಅವನು ದೊಡ್ಡ ಖಾಸಗಿ ವಿಶ್ವವಿದ್ಯಾಲಯದವನು. ಲೀಗ್‌ನ ಕಪ್ ಹೆಚ್ಚಾಗಿ ಹೋಗುತ್ತಿದ್ದದ್ದು ಅಲ್ಲಿಗೇ.

"ಸುಮಿಮಾಸೆನ್, ಕ್ಷಮಿಸಿ, ಪ್ರತಿಫಲ ಅಂದ್ರೆ ಏನು?" ಎಂದಳು ಜಾಹ್ನವಿ.

ಅವಳ ಜಪಾನೀಸ್ ಸಾಲದಾಯಿತೇನೋ ಎಂದುಕೊಂಡ ಒಬ್ಬ ಹುಡುಗಿ ಆ ಪದದ ಅರ್ಥ ವಿವರಿಸಲು ಹೊರಟಳು.

"ಪದದ ಅರ್ಥ ಗೊತ್ತು. ಈ ಪುಸ್ತಕದಲ್ಲಿ ಏನರ್ಥ? ಎಲ್ಲಾದ್ರೂ ಬರೆದಿದೆಯಾ?"

ಒನೊದೆರಾ ಪುಟ ತಿರುವಿದ. ಎಲ್ಲೂ ಇರಲಿಲ್ಲ. ಕೊನೆಗೆ, "ಹತ್ತು ದಿನ ಸಮಯ ಇದೆ. ಜಾಹ್ನವಿ-ಸಾನ್, ನೀವೇ ವಿಚಾರಿಸಿ ಹೇಳಿ," ಎಂದು ಅವಳಿಗೇ ಒಪ್ಪಿಸಿದ.

ಚಿಹೊ ಭೇಟಿಗೆ ಬರಹೇಳಿದ್ದು ಹಿರೋಸೆ ನದಿಯ ದಂಡೆಗೆ. ಇಬ್ಬರೂ ಮಾಸ್ಕ್ ಹಾಕಿಕೊಂಡು ಕಲ್ಲುಬೆಂಚಿನ ಎರಡು ತುದಿಗೆ ಕೂತರು. ಗಿಡ್ಡನೆಯ, ನೇರ ಮಾತಿನ ಹುಡುಗಿ.

"ನಿಯಮ ಗೊತ್ತಿರಲಿಲ್ಲ ಅಂತ ಹೇಳ್ಲಾ? ಹಾಗೆ ಹೇಳಿದ್ರೆ ಸುಲಭ ಅಲ್ವಾ?" ಎಂದಳು.

"ಗೊತ್ತಿತ್ತಾ?"

"ಗೊತ್ತಿತ್ತು."

ಅವಳ ಊರು ಕೆಸೆನ್ನುಮಾ, ಸಮುದ್ರದ ಕಡೆ. ಅಲ್ಲಿ ಅವಳ ಅಜ್ಜಿಯೂ ಸೇರಿ ಹನ್ನೊಂದು ಜನ ವೃದ್ಧರು ಸಮುದಾಯ ಭವನದಲ್ಲಿ ವಾರಕ್ಕೆ ಮೂರು ದಿನ ಆಡುತ್ತಿದ್ದರು. ಕೊರೊನಾ ಬಂದು ಭವನಕ್ಕೆ ಬೀಗ ಬಿತ್ತು. ಒಬ್ಬರಿಗೆ ಮಂಡಿ ಹಿಡಿದುಕೊಂಡಿತು, ಇನ್ನೊಬ್ಬರು ಯಾರೊಂದಿಗೂ ಮಾತಾಡದೆ ಮಂಕಾದರು. ಚಿಹೊ ಶನಿವಾರ ಬೆಳಿಗ್ಗೆ ಮೊಬೈಲಿನಲ್ಲಿ ಅವರನ್ನೆಲ್ಲ ಸೇರಿಸಿ, ಅಡುಗೆಮನೆಯ ಮೇಜನ್ನೇ ಟೇಬಲ್ ಮಾಡಿಸಿ ಕಲಿಸತೊಡಗಿದಳು. ಅವರು ಅಕ್ಕಿ ಕಳಿಸಿದರು, ಒಣಮೀನು ಕಳಿಸಿದರು. ಜನವರಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿತು. ಸುದ್ದಿ ತಿಳಿದು ಆ ಗುಂಪಿನ ನಿವೃತ್ತ ಅಂಚೆಯವರೊಬ್ಬರು, ಇನ್ನು ಮೇಲೆ ವಾರಕ್ಕೆ ತಲೆಗೆ ಐನೂರು ಯೆನ್ ಎಂದು ತಾವೇ ತೀರ್ಮಾನ ಮಾಡಿದರು.

"ಮೊದಲು ಬೇಡ ಅಂದೆ. ಆಮೇಲೆ ತಗೊಂಡೆ. ಬಾಡಿಗೆ ಕಟ್ಟಬೇಕಿತ್ತು." ಚಿಹೊ ನೀರಿನ ಕಡೆ ನೋಡುತ್ತಿದ್ದಳು. "ಒಂದು ಕೇಳ್ಲಾ? ಅಕ್ಕಿ ತಿಂದಿದ್ದೂ ತಪ್ಪಾ? ಅಥವಾ ದುಡ್ಡು ತಗೊಂಡಿದ್ದು ಮಾತ್ರನಾ?"

"ನನಗೂ ಅದೇ ತಿಳೀಬೇಕು."

"ನಮ್ಮ ಟೀಮಿನವಳೊಬ್ಬಳು ಕೊಂಬಿನಿ ಅಂಗಡಿಯಲ್ಲಿ ಕೋಳಿ ಕರಿದು ಮಾರ್ತಾಳೆ. ಅವಳು ಆಡಬಹುದು. ನನಗೆ ಚೆನ್ನಾಗಿ ಬರೋದು ಒಂದೇ ಕೆಲಸ. ಅದನ್ನ ಮಾಡಿದ್ರೆ ಆಡಬಾರದು. ಇದನ್ನ ಯಾರು ಯೋಚನೆ ಮಾಡಿ ಬರೆದ್ರು?"

ಜಾಹ್ನವಿಯ ತಲೆಯಲ್ಲಿ ಉಳಿದದ್ದು ಆ ಕೊನೆಯ ಪ್ರಶ್ನೆ. ಹೌದು, ಯಾರು ಬರೆದರು?

ಆ ಭಾನುವಾರ ಜಪಾನಿನಲ್ಲೇ ಇದ್ದ ಅಣ್ಣ ಜಯಂತ ಶಿನಾಗಾವಾದಿಂದ ಫೋನ್ ಮಾಡಿದ. ಸಾಫ್ಟ್‌ವೇರ್ ಕಂಪನಿಯವನು. ವರ್ಷದಿಂದ ಮನೆಯಿಂದಲೇ ಕೆಲಸ ಮಾಡಿ, ಮಾತಾಡಲು ಯಾರಾದರೂ ಸಿಕ್ಕರೆ ಸಾಕೆನ್ನುವ ಸ್ಥಿತಿಗೆ ಬಂದಿದ್ದ.

"ನಿಂಗ್ಯಾಕೆ ಈ ಎನ್‌ಕ್ವೈರಿ ಕಮಿಷನ್ ಕೆಲ್ಸ? ಪಿಎಚ್‌ಡಿ ಮುಗ್ಸೋದು ನೋಡು," ಎಂದ, ಚಿಹೊಳ ಕಥೆಯೆಲ್ಲ ಕೇಳಿ.

"ಅಣ್ಣ, ಪ್ರಭಾ ನೆನಪಿದಾಳಾ? ನನ್ ಡಬಲ್ಸ್ ಪಾರ್ಟ್ನರ್. ಸ್ಪೋರ್ಟ್ಸ್ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟ್ ಸಿಕ್ತಲ್ಲ, ಫೀಸೂ ಮಾಫಿ ಆಯ್ತಲ್ಲ. ಅದು ಪೇಮೆಂಟಾ?"

"ಛೇ, ಅದು ಎನ್‌ಕರೇಜ್‌ಮೆಂಟು."

"ಮತ್ತೆ ಆ ಅಜ್ಜಿಯರು ಚಿಹೊಗೆ ಕೊಟ್ಟಿದ್ದು?"

"ಅದು ಫ್ರೀಲಾನ್ಸಿಂಗ್. ಟೆಕ್ನಿಕಲಿ ಇನ್‌ಕಮ್ಮು."

"ಪ್ರಭಾಗೆ ಸಿಕ್ಕಿದ್ದು ಇದಕ್ಕಿಂತ ಎಷ್ಟೋ ಜಾಸ್ತಿ."

"ಗೊತ್ತಿಲ್ಲ ಕಣೆ. ಏನ್ ತೀರ್ಮಾನ ಆಯ್ತು ಅಂತ ಮಾತ್ರ ನಂಗೆ ಹೇಳು," ಎಂದ.

ಲೀಗ್‌ನ ಕಚೇರಿ ಎಂದರೆ ಹಳೆಯ ಕಟ್ಟಡದ ಎರಡನೇ ಮಹಡಿಯ ಒಂದು ಕೋಣೆ. ಮರುದಿನ ಜಾಹ್ನವಿ ಅಲ್ಲಿನ ಕಬ್ಬಿಣದ ಬೀರು ತೆರೆದು ಹಳೆಯ ನಡಾವಳಿಗಳನ್ನು ಒಂದೊಂದಾಗಿ ಹೊರತೆಗೆದಳು. ಕೈಬರಹದ ಹಳೆಯ ಜಪಾನೀಸ್ ಅವಳಿಗೆ ಅರ್ಧವೂ ಓದಲು ಬರಲಿಲ್ಲ. ಒನೊದೆರಾನಿಗೆ ಫೋನ್ ಮಾಡಿದಳು. ಒಲ್ಲದ ಮನಸ್ಸಿನಿಂದಲೇ ಬಂದವನು, ಒಂದು ಗಂಟೆ ಕಳೆದ ಮೇಲೆ ಮಂಡಿಯೂರಿ ಕೂತು ತಾನೇ ಕಟ್ಟು ಬಿಚ್ಚತೊಡಗಿದ.

"ಸಿಕ್ತು! ಶೋವಾ ಮೂವತ್ತಮೂರು, ಡಿಸೆಂಬರ್," ಎಂದ. ಜಪಾನೀ ಲೆಕ್ಕದ ಆ ವರ್ಷ ಎಂದರೆ ೧೯೫೮. "ನಿಯಮ ಏಳು, ಐದಕ್ಕೆ ಐದು ಮತ. ಚರ್ಚೆ ಏನೂ ಬರೆದಿಲ್ಲ. ಅಧ್ಯಕ್ಷ ಓಯ್ಕಾವಾ..." ಅವನು ತಲೆಯೆತ್ತಿದ. "ಇವರು ನನಗೆ ಗೊತ್ತು. ಪ್ರತಿ ಹೊಸವರ್ಷಕ್ಕೆ ಕಚೇರಿಗೆ ಕಾರ್ಡ್ ಕಳಿಸ್ತಾರೆ."

ಓಯ್ಕಾವಾ ಶಿಯೊಗಾಮಾ ಬಂದರಿನ ಹತ್ತಿರ ಇದ್ದರು. ಎಂಬತ್ತನಾಲ್ಕು ವರ್ಷ, ನಿವೃತ್ತ ಶಾಲಾ ಮೇಷ್ಟ್ರು. ಫೋನಿನಲ್ಲಿ, "ಎರಡು ಡೋಸ್ ಹಾಕಿಸ್ಕೊಂಡಿದೀನಿ. ಕಿಟಕಿ ತೆಗೆದಿಡ್ತೀನಿ, ಬನ್ನಿ," ಎಂದರು. ಒನೊದೆರಾ, ಜಾಹ್ನವಿ ಇಬ್ಬರೂ ಹೋದರು. ಪ್ರಶ್ನೆ ಕೇಳಿದ ಮೇಲೆ ಮುದುಕರು ಚಹಾದ ಬಟ್ಟಲನ್ನು ಕೈಗೆತ್ತಿಕೊಂಡರು.

"ಆಗ ಕೊನ್ನೊ ಅಂತ ಒಬ್ಬ ಇದ್ದ," ಎಂದು ಶುರುಮಾಡಿದರು. "ರಾತ್ರಿ ತರಗತಿಯ ವಿದ್ಯಾರ್ಥಿ. ಹಗಲು ಸ್ಟೇಷನ್ ಹತ್ತಿರ ಒಂದು ಟೇಬಲ್ ಟೆನಿಸ್ ಅಂಗಡಿಯಲ್ಲಿ ಕೆಲಸ. ಗಂಟೆಗಿಷ್ಟು ಅಂತ ಕೊಟ್ಟು ಜನ ಬಂದು ಆಡೋ ಜಾಗ. ಜೊತೆ ಇಲ್ಲದೆ ಬಂದ ಗಿರಾಕಿಗೆ ಇವನು ಜೊತೆ ಕೊಡ್ತಿದ್ದ. ಅದಕ್ಕೆ ಕೂಲಿ. ಆ ವಸಂತದಲ್ಲಿ ಅವನು ನನ್ನನ್ನ ಇಪ್ಪತ್ತೊಂದು ಒಂಬತ್ತು, ಇಪ್ಪತ್ತೊಂದು ಹನ್ನೊಂದರಲ್ಲಿ ಸೋಲಿಸಿದ. ನಮ್ಮೆಲ್ಲರನ್ನೂ ಸೋಲಿಸಿದ."

"ಆಮೇಲೆ ನೀವು..." ಒನೊದೆರಾ ಮಾತು ಮುಗಿಸಲಿಲ್ಲ.

"ಆಮೇಲೆ ನಾವು ಐದು ಜನ ಕೂತು ಮಾತಾಡಿದ್ವಿ. ಅವನು ದಿನಾ ಎಂಟು ಗಂಟೆ ಆಡ್ತಾನೆ, ಅದಕ್ಕೆ ದುಡ್ಡೂ ತಗೋತಾನೆ, ಇದು ಅನ್ಯಾಯ ಅಂದ್ವಿ. ನಿಜವಾಗಿ ಹಾಗೇ ಅನ್ನಿಸ್ತು ನಮಗೆ. ಸುಳ್ಳು ಹೇಳಿದ್ವಿ ಅಂದ್ಕೋಬೇಡಿ." ಅವರು ಬಟ್ಟಲು ಕೆಳಗಿಟ್ಟರು. "ನಮ್ಮಪ್ಪನದು ಸಾಕೆ ಮದ್ಯದ ಅಂಗಡಿ. ಗೋದಾಮಿನಲ್ಲಿ ನನಗೋಸ್ಕರ ಒಂದು ಟೇಬಲ್ ಹಾಕಿಸಿದ್ರು. ಅದು ಅನ್ಯಾಯ ಅಂತ ಯಾರಿಗೂ ಅನ್ನಿಸಲಿಲ್ಲ. ನನಗಂತೂ ಅನ್ನಿಸಲೇ ಇಲ್ಲ. ಪಾವಿತ್ರ್ಯ ಅನ್ನೋ ಪದ ನಾನೇ ಸೇರಿಸಿದ್ದು. ಚೆನ್ನಾಗಿ ಕೇಳಿಸ್ತಿತ್ತು."

ಕೊನ್ನೊ ಸೂಚನಾ ಫಲಕದ ಮುಂದೆ ನಿಂತು ಹೊಸ ನಿಯಮವನ್ನು ಎರಡು ಸಲ ಓದಿದನಂತೆ. ಅಲ್ಲೇ ನಿಂತಿದ್ದ ಓಯ್ಕಾವಾರಿಗೆ ತಲೆಬಾಗಿ ವಂದಿಸಿ ಹೊರಟುಹೋದವನು ಮತ್ತೆ ಕಾಣಲಿಲ್ಲ.

"ಹಾಗಾದ್ರೆ ಈ ನಿಯಮ ಕಿತ್ತುಹಾಕಬೇಕು ಅಂತೀರಾ?" ಎಂದು ಜಾಹ್ನವಿ ಕೇಳಿದಳು.

ಹೌದು ಎನ್ನುತ್ತಾರೆ ಎಂದುಕೊಂಡಿದ್ದಳು. ಮುದುಕರು ತಲೆಯಲ್ಲಾಡಿಸಿದರು.

"ಅಷ್ಟು ಸುಲಭ ಅಲ್ಲಮ್ಮ. ಹದಿನೈದು ವರ್ಷ ಆದ್ಮೇಲೆ ಒಂದು ಬೂಟಿನ ಕಂಪನಿ ಒಂದೇ ಕಾಲೇಜಿನ ಮೂವರಿಗೆ ಸಂಬಳ ಕೊಡೋಕೆ ಬಂತು. ಆಗ ಅದನ್ನ ತಡೆದಿದ್ದೂ ಇದೇ ನಿಯಮ. ಸಣ್ಣ ಕಾಲೇಜುಗಳು ಉಳ್ಕೊಂಡವು. ಕೆಟ್ಟ ಮನಸ್ಸಿನಿಂದ ಬರೆದದ್ದು ಒಳ್ಳೆಯ ಕೆಲಸಕ್ಕೂ ಬಂತು. ನಾನೇನು ಹೇಳಲಿ? ಈಗ ಸಮಿತಿ ನಿಮ್ಮದು."

ವಾಪಸು ಬರುವಾಗ ರೈಲಿನಲ್ಲಿ ಒನೊದೆರಾ ನಿಯಮ ಪುಸ್ತಕ ತೆಗೆದು ಏಳನೆಯದನ್ನು ಮತ್ತೆ ಓದಿದ. ಇಳಿಯುವ ಮುಂಚೆ, "ಸ್ಪಷ್ಟವಾಗಿದೆ ಅಂದಿದ್ನಲ್ಲ ನಾನು," ಎಂದಷ್ಟೇ ಹೇಳಿದ.

ಸಭೆಯಲ್ಲಿ ಜಾಹ್ನವಿ ತಿಳಿದದ್ದನ್ನೆಲ್ಲ ಹೇಳಿದಳು, ಚಿಹೊಗೆ ನಿಯಮ ಗೊತ್ತಿತ್ತು ಎಂಬುದನ್ನೂ ಸೇರಿಸಿ. ಆಮೇಲೆ ಕೇಳಿದಳು: "ಆಟದಿಂದಾಗಿ ನಮ್ಮಲ್ಲಿ ಯಾರಿಗೆ ಏನೇನು ಸಿಗುತ್ತೆ, ಒಂದ್ಸಲ ಹೇಳ್ಕೊಳ್ಳೋಣ್ವಾ? ತೀರ್ಪು ಕೊಡೋಕಲ್ಲ. ತಿಳ್ಕೊಳ್ಳೋಕೆ."

ಹಿರಾಗಾ ತನ್ನ ಮೈಕ್ ಆನ್ ಮಾಡಿದ.

"ಅರ್ಧ ಫೀಸು ಮಾಫಿ. ಹಾಸ್ಟೆಲ್ಲು. ಎರಡು ಹೊತ್ತು ಊಟ. ವರ್ಷಕ್ಕೆ ಬ್ಯಾಟಿಗೆ ಅಂಟಿಸೋ ರಬ್ಬರ್ ನಾಲ್ಕು ಜೊತೆ," ಎಂದ. ಅವನ ಕಿವಿ ಕೆಂಪಾಗಿದ್ದು ಪರದೆಯ ಮೇಲೂ ಕಾಣುತ್ತಿತ್ತು. "ಇದು ಇಲ್ದಿದ್ರೆ ನಾನು ಕಾಲೇಜಿಗೇ ಬರೋಕಾಗ್ತಿರಲಿಲ್ಲ. ಇದನ್ನೂ ಪ್ರತಿಫಲ ಅಂತೀರಾ?"

"ಅನ್ನಬೇಕು ಅನ್ಸುತ್ತೆ. ಆದ್ರೆ ಅದು ತಪ್ಪು ಅನ್ಸಲ್ಲ," ಎಂದಳು ಜಾಹ್ನವಿ.

ಮಾತು ಎರಡು ಗಂಟೆ ಎಳೆಯಿತು. ಕಲಿಸಿ ಸಂಪಾದಿಸುವುದು ಏಳನೆಯ ನಿಯಮಕ್ಕೆ ಬರುವುದಿಲ್ಲ, ಲೀಗ್‌ನಲ್ಲಿ ಆಡುವುದಕ್ಕೆಂದೇ ಕಂಪನಿಗಳಿಂದ ಹಣ ಪಡೆಯುವಂತಿಲ್ಲ, ಇನ್ನು ಮೇಲೆ ಎಲ್ಲ ಆಟಗಾರರೂ ಆಟದಿಂದ ಸಿಕ್ಕಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು ಎಂಬಲ್ಲಿಗೆ ಬಂದು ನಿಂತರು. ಮತಕ್ಕೆ ಹಾಕಿದಾಗ ಮೂರಕ್ಕೆ ಎರಡು. ಹಿರಾಗಾ ವಿರೋಧಿಸಿದ.

"ಬದಲಾವಣೆ ಬೇಡ ಅಂತಲ್ಲ. ಗೊತ್ತಿದ್ದೂ ಮುರಿದವರಿಗೆ ಅದೇ ವರ್ಷ ರಿಯಾಯಿತಿ ಕೊಡಬಾರದು ಅಂತ," ಎಂದ. ಜಾಹ್ನವಿ ಆ ಮಾತನ್ನೂ ನಡಾವಳಿಯಲ್ಲಿ ಬರೆದುಕೊಂಡಳು. ಮಾರನೆಯ ದಿನ ಕಚೇರಿಗೆ ಬಂದ ಮೊದಲ ಹಾಳೆ ಅವನದೇ, ನಾಲ್ಕು ಜೊತೆ ರಬ್ಬರಿನ ಬೆಲೆಸಮೇತ.

ನವೆಂಬರಿನ ಪಂದ್ಯಕ್ಕೆ ಪ್ರೇಕ್ಷಕರಿರಲಿಲ್ಲ. ಕೂಗುವಂತಿರಲಿಲ್ಲ, ಚಪ್ಪಾಳೆ ಮಾತ್ರ. ಚಿಹೊ ಎಂಟರ ಘಟ್ಟದ ತನಕ ಬಂದು, ಹಿರಾಗಾನ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳ ಎದುರು ಐದನೇ ಗೇಮಿನಲ್ಲಿ ಸೋತಳು. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಜಾಹ್ನವಿಯ ಬಳಿ ಬಂದು, "ಅವಳಿಗೆ ನನಗಿಂತ ಒಳ್ಳೆ ಕೋಚ್ ಇದ್ದಾರೆ," ಎಂದಳು. ಸ್ವಲ್ಪ ತಡೆದು, "ಆದ್ರೂ ನಾಲ್ಕನೇ ಗೇಮಲ್ಲಿ ಅವಳು ಹೆದರಿದ್ಲು. ನೋಡಿದ್ರಾ?" ಎಂದು ನಕ್ಕಳು.

ಹೆಸರಿಲ್ಲದ ಪತ್ರ ಬರೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಕೊನ್ನೊ ಏನಾದರು ಎಂಬುದನ್ನು ಮಾತ್ರ ಒನೊದೆರಾ ಹಳೆಯ ವಿದ್ಯಾರ್ಥಿಗಳ ಪಟ್ಟಿ ಹಿಡಿದು ಹುಡುಕಿ ತೆಗೆದ. ಮೊರಿಯೊಕಾದಲ್ಲಿ ನಲವತ್ತು ವರ್ಷ ಸ್ವಂತ ಟೇಬಲ್ ಟೆನಿಸ್ ಅಂಗಡಿ ನಡೆಸಿ, ಹನ್ನೆರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಅಂಗಡಿ ಈಗ ಮಗಳದು. ಓಯ್ಕಾವಾರಿಗೆ ಫೋನಿನಲ್ಲಿ ತಿಳಿಸಿದಾಗ ಅವರು, "ನಲವತ್ತು ವರ್ಷವಾ," ಎಂದು ಮತ್ತೆ ಮತ್ತೆ ಕೇಳಿದರು.

ಡಿಸೆಂಬರಿನಲ್ಲಿ ಸೋಂಕು ತೀರ ಇಳಿದಾಗ ಜಾಹ್ನವಿ, ಒನೊದೆರಾ ಮೊರಿಯೊಕಾಕ್ಕೆ ಹೋದರು. ಆರು ಟೇಬಲ್ಲುಗಳ ಜಾಗ, ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟೋವ್. ಅರವತ್ತರ ಹತ್ತಿರದ ಮಗಳು ಅವರ ಜ್ವರ ನೋಡಿ, ಒಂದು ಗಂಟೆಯ ಹಣ ತೆಗೆದುಕೊಂಡು ಬ್ಯಾಟು ಕೊಟ್ಟಳು. ಒನೊದೆರಾ ಕನ್ನಡಕ ಸರಿಮಾಡಿಕೊಂಡು ಲೀಗ್‌ನ ಮಾತೆತ್ತಿದ.

"ಲೀಗಾ?" ಎಂದಳು ಆಕೆ. "ಅಪ್ಪ ಕಾಲೇಜು ಪಂದ್ಯ ಆಡಿದ್ರಾ? ನಮಗೆ ಒಂದಿನಾನೂ ಹೇಳಲಿಲ್ವಲ್ಲ. ಚೆನ್ನಾಗಿ ಆಡ್ತಿದ್ರಾ?"

"ಎಲ್ಲರನ್ನೂ ಸೋಲಿಸಿದ್ರಂತೆ," ಎಂದಳು ಜಾಹ್ನವಿ.

"ಮತ್ತೆ ಯಾಕೆ ಬಿಟ್ರು?"

ಆಕೆ ಸ್ಟೋವಿನ ಬಳಿಯ ಕುರ್ಚಿಗಳನ್ನು ಅವರತ್ತ ಎಳೆದಳು. ಒನೊದೆರಾ ಬ್ಯಾಟನ್ನು ಟೇಬಲ್ಲಿನ ಮೇಲಿಟ್ಟು, ಮೊದಲಿನಿಂದ ಹೇಳತೊಡಗಿದ.