ಮೂವತ್ತು ಸೀಸೆಗಳಲ್ಲಿ ನಾನೊಂದು

ನಾನು ಒಂದು ಪುಟ್ಟ ಗಾಜಿನ ಸೀಸೆ. ಹೆಬ್ಬೆರಳಿನಷ್ಟು ಉದ್ದ, ತಲೆಗೊಂದು ರಬ್ಬರಿನ ಬಿರಡೆ, ಅದರ ಮೇಲೆ ತಗಡಿನ ಟೋಪಿ. ಹೊಟ್ಟೆಯೊಳಗೆ ಒಣಗಿದ ಸುಣ್ಣದಂಥ ಬಿಳಿ ಪುಡಿ. ಹಾವು ಕಚ್ಚಿದವರಿಗೆ ಕೊಡುವ ಮದ್ದು ಅದು. ಅದರ ತವರು ಕುದುರೆ ಲಾಯ. ಹಾವಿನ ವಿಷವನ್ನು ಚೂರು ಚೂರೇ ಕುದುರೆಗೆ ಚುಚ್ಚಿ, ಅದರ ರಕ್ತ ವಿಷದೊಡನೆ ಗುದ್ದಾಡುವುದನ್ನು ಕಲಿತ ಮೇಲೆ, ಆ ರಕ್ತದ ಸಾರ ತೆಗೆದು ಒಣಗಿಸಿ ನನ್ನೊಳಗೆ ತುಂಬಿದರು. ಆ ಕುದುರೆಯನ್ನು ನಾನು ಕಂಡವನಲ್ಲ. ಆದರೆ ಒಂದು ಕಡೆ ಸುಮ್ಮನೆ ನಿಲ್ಲಲಾಗದ ಅದರ ಗುಣ ಮಾತ್ರ ನನಗೆ ಬಂದಿರಬೇಕು.

ಹುಟ್ಟಿದ ದಿನವೇ ನನ್ನ ಮೈಗೆ ಚೀಟಿ ಅಂಟಿಸಿ ಎರಡು ತಾರೀಖು ಅಚ್ಚು ಹಾಕಿದ್ದರು. ಒಂದು, ನಾನು ತಯಾರಾದ ದಿನ. ಇನ್ನೊಂದು, ನಾನು ಯಾರಿಗೂ ಬೇಡವಾಗುವ ದಿನ. ಮನುಷ್ಯರಿಗೆ ಈ ಎರಡನೆಯದು ಗೊತ್ತಿರುವುದಿಲ್ಲ, ಪುಣ್ಯವಂತರು. ನಾನು ಮಾತ್ರ ಅದನ್ನು ಹೊತ್ತುಕೊಂಡೇ ಲಾರಿ ಹತ್ತಿದೆ, ಜಿಲ್ಲೆಯ ಔಷಧ ಉಗ್ರಾಣದಲ್ಲಿ ಇಳಿದೆ.

ಉಗ್ರಾಣದಲ್ಲಿ ಹಂಚಿಕೆ ಬಹಳ ಸಲೀಸಾಗಿತ್ತು. ಒಂದೊಂದು ಆಸ್ಪತ್ರೆಗೆ ಮೂವತ್ತು. ಗುಡ್ಡದ ಮೇಲಿದ್ದರೂ ಮೂವತ್ತು, ಗದ್ದೆಯ ನಡುವೆ ಇದ್ದರೂ ಮೂವತ್ತು. ಹಾಗೆ ನಾನು ಇಪ್ಪತ್ತೊಂಬತ್ತು ಮಂದಿ ಒಡಹುಟ್ಟಿದವರೊಂದಿಗೆ ಕರೇಕಲ್ಲು ಎಂಬ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದೆ. ಬಂಡೆ, ಕುರುಚಲು, ನಡುವೆ ತೊಗರಿ ಹೊಲ. ಅಲ್ಲಿ ವರ್ಷಕ್ಕೆ ಒಬ್ಬರನ್ನು ಹಾವು ಕಚ್ಚಿದರೆ ಹೆಚ್ಚು.

ಔಷಧದ ಕೋಣೆಯ ಯಜಮಾನಿ ನೀಲಗಂಗಾ. ಐವತ್ತರ ಹತ್ತಿರದ ಹೆಂಗಸು, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು. ಪ್ರತಿ ತಿಂಗಳು ಕೊನೆಯ ದಿನ ಫ್ರಿಜ್ಜಿನ ಬಾಗಿಲು ತೆರೆದು, ಬೆರಳಿನಿಂದ ನಮ್ಮ ತಲೆ ಮುಟ್ಟಿ ಎಣಿಸಿ, ದಾಸ್ತಾನು ಪುಸ್ತಕದಲ್ಲಿ ‘30’ ಎಂದು ಬರೆಯುತ್ತಿದ್ದರು. ಆ ಅಂಕಿ ತಾಲ್ಲೂಕಿಗೆ ಹೋಗುತ್ತಿತ್ತು, ಅಲ್ಲಿಂದ ಜಿಲ್ಲೆಗೆ. ಬರೆದವರೂ ಮತ್ತೆ ನೋಡುತ್ತಿರಲಿಲ್ಲ, ಕಳಿಸಿಕೊಂಡವರೂ ನೋಡುತ್ತಿರಲಿಲ್ಲ. ಮೂರು ವರ್ಷ ಹೀಗೇ ಕಳೆಯಿತು. ನನಗೆ ಉಳಿದದ್ದು ಹತ್ತು ತಿಂಗಳು.

ಒಂದು ದಿನ ತಾಲ್ಲೂಕಿನ ಸಭೆಗೆ ಹೋಗಿದ್ದ ನೀಲಗಂಗಾ ಬಿಸಿಲಲ್ಲಿ ವಾಪಸು ಬಂದರು. ಚೀಲ ಕೂಡ ಕೆಳಗಿಡದೆ ನೇರವಾಗಿ ಫ್ರಿಜ್ಜು ತೆರೆದರು. ತಿಂಗಳ ಕೊನೆಯೇನೂ ಆಗಿರಲಿಲ್ಲ. ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಏನಾಯ್ತು ಮೇಡಂ?” ಎಂದು ಡಾಕ್ಟರ್ ಪ್ರಫುಲ್ಲಾ ಬಾಗಿಲಲ್ಲಿ ನಿಂತರು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಚಿಕ್ಕ ವಯಸ್ಸಿನ ವೈದ್ಯೆ.

“ತೂಬಿನಕ್ಯಾಂಪ್ ಆಸ್ಪತ್ರ್ಯಾಗ ಔಷಧ ಕೊಡೂ ದಾವಲಸಾಬರು ಸಭಾದಾಗ ಎದ್ದು ನಿಂತು ಅತ್ತರ್ರಿ. ಮಾರೆಪ್ಪ ಅಂತ, ನಲವತ್ತರ ಮನಿಷಾ. ಭತ್ತದ ಸಸಿ ಕೀಳಾಗ ಹಾವು ಕಡೀತು. ಅವರ ಆಸ್ಪತ್ರ್ಯಾಗ ಒಂದು ಸೀಸೆನೂ ಇರಲಿಲ್ಲ. ತಾಲ್ಲೂಕಿಗೆ ಒಯ್ಯೂ ಹಾದ್ಯಾಗ ಜೀವ ಹೋತು.”

“ಅಯ್ಯೋ.”

“ಎಷ್ಟನೇ ತಾರೀಖು ಅಂತ ಕೇಳಿದೆ. ಮೂವತ್ತನೇ ತಾರೀಖಂತ. ಅವತ್ತ ನಾ ಇಲ್ಲೇ ಕುಂತು ಮೂವತ್ತು ಅಂತ ಬರದೀನ್ರಿ. ನಡುವ ಇಪ್ಪತ್ತೆಂಟು ಕಿಲೋಮೀಟರ್ ಅಷ್ಟ.”

ತೆರೆದ ಬಾಗಿಲಿನಿಂದ ತಂಪೆಲ್ಲ ಹೊರಗೆ ಹರಿದುಹೋಗುತ್ತಿತ್ತು. ಸಾಲಾಗಿ ನಿಂತ ನಾವು ಮೂವತ್ತು ಮಂದಿ ಅವರಿಬ್ಬರ ಮುಖ ನೋಡುತ್ತಿದ್ದೆವು. ನಾಚಿಕೆ ಎಂದರೇನೆಂದು ನನಗೆ ತಿಳಿದದ್ದು ಆವತ್ತು.

ಅಲ್ಲಿಂದಾಚೆ ಆ ಕೋಣೆಗೆ ನೆಮ್ಮದಿ ಇಲ್ಲವಾಯಿತು. ನೀಲಗಂಗಾ ಮೂರು ವರ್ಷದ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿದರು. ಸುತ್ತಲಿನ ನಾಲ್ಕು ಆಸ್ಪತ್ರೆಗಳ ಔಷಧ ವಿತರಕರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದರು. ಆಶಾ ಕಾರ್ಯಕರ್ತೆಯರನ್ನು ಕೂರಿಸಿಕೊಂಡು, ಯಾವ ಊರಲ್ಲಿ, ಯಾವ ತಿಂಗಳಲ್ಲಿ, ಯಾವ ಕೆಲಸ ಮಾಡುವಾಗ ಹಾವು ಕಚ್ಚಿತು ಎಂದು ಕೇಳಿದರು. ಆಸ್ಪತ್ರೆಗೆ ಬಾರದೆ ನಾಟಿ ಮದ್ದು ನಂಬಿ ಸತ್ತವರ ಹೆಸರುಗಳೂ ಅವರ ಬಾಯಲ್ಲಿದ್ದವು. ಎಲ್ಲವನ್ನೂ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಬರೆದು, ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದರು. ಮೂರು ವರ್ಷದಲ್ಲಿ ಕರೇಕಲ್ಲಿನಲ್ಲಿ ಮೂವರಿಗೆ ಕಚ್ಚಿತ್ತು, ಒಬ್ಬರಿಗೂ ಮದ್ದು ಕೊಡುವಷ್ಟು ವಿಷ ಏರಿರಲಿಲ್ಲ. ಕಾಲುವೆ ಬದಿಯ ತೂಬಿನಕ್ಯಾಂಪಿನಲ್ಲಿ ಕಚ್ಚಿದ್ದು ನಲವತ್ತೊಂದು ಮಂದಿಗೆ, ಅದರಲ್ಲೂ ಸಸಿ ಕೀಳುವ ಮತ್ತು ಕೊಯ್ಲಿನ ತಿಂಗಳುಗಳಲ್ಲಿ.

ಹಾಳೆ ನೋಡಲು ತಾಲ್ಲೂಕು ಆರೋಗ್ಯಾಧಿಕಾರಿ ತಾವೇ ಬಂದರು. ಬಂದವರು ಮೊದಲು ಸಿಡುಕಿದರು. “ಬೇಡಿಕೆ ಪತ್ರ ಇಲ್ದ ಒಂದು ಆಸ್ಪತ್ರಿ ಸಾಮಾನು ಇನ್ನೊಂದಕ್ಕ ಹೆಂಗ ಹೋಗ್ತದ್ರೀ?”

“ಬೇಡಿಕಿ ಪತ್ರ ದಾವಲಸಾಬರು ಮೂರು ಸಲ ಕೊಟ್ಟಾರ್ರಿ. ಇಲ್ಲಿ ಇದಾವಂತ ಯಾರೂ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ.”

ಅಧಿಕಾರಿ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ಪೆನ್ನು ಕೇಳಿದರು. ಇಪ್ಪತ್ತು ತೂಬಿನಕ್ಯಾಂಪಿಗೆ, ಹತ್ತು ಇಲ್ಲೇ ಇರಲಿ ಎಂದು ಸಹಿ ಮಾಡಿದರು. ಪ್ರತಿ ಸೋಮವಾರ ಐದೂ ಆಸ್ಪತ್ರೆಯ, ಜೊತೆಗೆ ತಾಲ್ಲೂಕು ಆಸ್ಪತ್ರೆಯ ಲೆಕ್ಕ ಎಲ್ಲರ ಫೋನಿಗೂ ಹೋಗಬೇಕು ಎಂದೂ ಹೇಳಿದರು.

ಸುದ್ದಿ ತಿಳಿದ ಪಂಚಾಯಿತಿ ಸದಸ್ಯ ಬಸಲಿಂಗಪ್ಪ ಮೋಟಾರ್ ಸೈಕಲ್ ಏರಿ ಬಂದ. “ನಮ್ಮೂರ ಔಷಧ ಹೊರಗ ಕಳಸಾಕ ನಿಮಗ ಯಾರು ಹೇಳ್ಯಾರವ್ವಾ? ನಾಳೆ ನಮ್ಮವರಿಗೆ ಕಡದ್ರ ಯಾರು ಹೊಣಿ?”

ನೀಲಗಂಗಾ ಅವರಿಗೂ ಅದೇ ಭಯ. ನಮ್ಮನ್ನು ಐಸ್ ಪ್ಯಾಕಿನ ಡಬ್ಬಿಗೆ ತುಂಬುವಾಗ ಇಪ್ಪತ್ತನೆಯವನಾದ ನನ್ನನ್ನು ಹಿಡಿದು ಗಳಿಗೆ ತಡೆದರು. ಇಡಲೋ, ಬಿಡಲೋ. ಕೊನೆಗೆ ಒಳಗಿಟ್ಟು ಮುಚ್ಚಳ ಒತ್ತಿದರು.

ದಾವಲಸಾಬರು ಮಿತಭಾಷಿ. ತೂಬಿನಕ್ಯಾಂಪಿನಲ್ಲಿ ನಮ್ಮನ್ನು ಇಳಿಸಿಕೊಂಡು, ಮಾರೆಪ್ಪನ ಹೆಸರನ್ನು ಒಮ್ಮೆ ತಮಗೆ ತಾವೇ ಹೇಳಿಕೊಂಡು, ಫ್ರಿಜ್ಜಿನ ಬಾಗಿಲು ಹಾಕಿದರು. ಒಂಬತ್ತನೆಯ ದಿನಕ್ಕೇ ನನ್ನ ಪಕ್ಕದ ಹತ್ತು ಮಂದಿ ಒಬ್ಬ ಹುಡುಗಿಯ ಜೀವ ಉಳಿಸಲು ಹೋದರು. ಉಳಿದ ನಾವು ಹತ್ತು ಮಂದಿ ಪ್ರತಿ ಸಲ ಬಾಗಿಲು ತೆರೆದಾಗಲೂ ಈಗ ನಾನು, ಈಗ ನಾನು ಎಂದು ಕಾಯುತ್ತಿದ್ದೆವು.

ಹದಿನೆಂಟನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ದಾವಲಸಾಬರ ಫೋನು ಬಡಿದುಕೊಂಡಿತು. ಆ ಕಡೆ ನೀಲಗಂಗಾ. ದನಿ ಫ್ರಿಜ್ಜಿನವರೆಗೂ ಕೇಳುತ್ತಿತ್ತು.

“ಅಣ್ಣಾರ, ಕುರಿ ಕಾಯೂ ಮಂದಿಯೊಳಗ ಲಗಮವ್ವ ಅಂತ ಒಬ್ಬಾಕಿ. ನಿನ್ನಿ ಸಂಜೀಗೆ ನಮ್ಮ ಹೊಲದಾಗ ಬೀಡು ಬಿಟ್ಟಾರ. ಬೆಳಿಗ್ಗೆ ಕಟಿಗಿ ಆರಿಸಾಗ ಕೊಳಕುಮಂಡಲ ಕಡದೈತಿ. ಕೊಡದಷ್ಟು ಬಾತೈತಿ ಕಾಲು. ಹತ್ತೂ ಸೀಸೆ ಈಗ ಹಾಕಿದ್ವಿ.”

ಲಗಮವ್ವ ಯಾವ ಊರಿನ ಹಾಳೆಯಲ್ಲೂ ಇರಲಿಲ್ಲ. ಅವಳ ಊರು ಕುರಿಗಳು ಮೇಯುವ ಕಡೆ.

“ಆರು ತಾಸಿಗೆ ರಕ್ತ ಮತ್ತ ನೋಡ್ತಾರ. ಹೆಪ್ಪು ಆಗಲಿಲ್ಲಂದ್ರ ಇನ್ನೂ ಹತ್ತು ಬೇಕು. ತಾಲ್ಲೂಕಿಗೆ ಕಳಿಸೂಣಂದ್ರ ಅಲ್ಲಿ ನಾಕ ಅದಾವಂತ ಸೋಮವಾರದ ಲೆಕ್ಕದಾಗ ಐತಿ. ನಿಮ್ಮ ಹತ್ರ ಹತ್ತು ಅದಾವ. ಕೇಳಾಕ ಬಾಯಿ ಬರವಲ್ದು, ಆದ್ರೂ ಕೇಳ್ತೀನಿ.”

ದಾವಲಸಾಬರು ಕಿಟಕಿಯಾಚೆ ನೋಡಿದರು. ಗದ್ದೆಯಲ್ಲಿ ಹೆಂಗಸರು ಬಗ್ಗಿ ಸಸಿ ಕೀಳುತ್ತಿದ್ದರು. ನಮ್ಮನ್ನು ಕೊಟ್ಟರೆ ತೂಬಿನಕ್ಯಾಂಪಿನಲ್ಲಿ ಮತ್ತೆ ಸೊನ್ನೆ. ಮಾರೆಪ್ಪನ ದಿನದಂಥದೇ ಸೊನ್ನೆ. ಹಣೆಯ ಬೆವರು ಒರೆಸಿಕೊಂಡು ಅವರು ಗೋಡೆಗೆ ಅಂಟಿಸಿದ್ದ ಸೋಮವಾರದ ಲೆಕ್ಕದ ಹಾಳೆಯತ್ತ ತಿರುಗಿದರು. ಬೆರಳು ಕೆಳಗಿಳಿದು ಮೂರನೆಯ ಆಸ್ಪತ್ರೆಯ ಸಾಲಿನಲ್ಲಿ ನಿಂತಿತು. ಹನ್ನೆರಡು. ಅದು ಕರೇಕಲ್ಲಿಗೆ ದೂರ, ಆದರೆ ಅಲ್ಲಿಂದ ಇಲ್ಲಿಗೆ ನೇರ ಬಸ್ಸಿತ್ತು.

“ಐದು ನಿಮಿಷ ಕೊಡು ತಂಗಿ,” ಎಂದು ಆ ಆಸ್ಪತ್ರೆಗೆ ಫೋನು ಹಚ್ಚಿದರು. ಅಲ್ಲಿನ ಸಿಸ್ಟರ್ ಹತ್ತು ಸೀಸೆಗಳನ್ನು ಹನ್ನೊಂದರ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ, ಕಂಡಕ್ಟರು ಪರಿಚಯದವನೇ ಎಂದರು. ದಾವಲಸಾಬರು ಕೂಡಲೇ ನಮ್ಮನ್ನು ಡಬ್ಬಿಗೆ ತುಂಬಿ ಹೊರಟರು. ಅರ್ಧ ದಾರಿಗೆ ಕರೇಕಲ್ಲಿನಿಂದ ಒಬ್ಬರು ಬರುತ್ತಾರೆ ಎಂದಾಗಿತ್ತು. ಕ್ರಾಸಿನಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದವನು ಬಸಲಿಂಗಪ್ಪ.

“ನಾ ಅವತ್ತ ಹೇಳಿದ್ದಿಲ್ಲೇನು? ಹೇಳಿದ್ದಿಲ್ಲೇನು?” ಎಂದು ಗೊಣಗುತ್ತಲೇ ಡಬ್ಬಿಯನ್ನು ಎದೆಗೆ ಕಟ್ಟಿಕೊಂಡ. “ಬಾಳ ಅಲುಗಾಡಿಸಬ್ಯಾಡಪಾ,” ಎಂದರು ದಾವಲಸಾಬರು. ಅವನು ಆ ತಗ್ಗುದಿಣ್ಣೆಯ ದಾರಿಯಲ್ಲಿ ಎಷ್ಟು ಹುಷಾರಾಗಿ ಬಂದನೆಂದರೆ, ಅವನ ಎದೆಬಡಿತ ಬಿಟ್ಟು ಬೇರೇನೂ ನನಗೆ ತಾಗಲಿಲ್ಲ.

ಮೂರು ಗಂಟೆಗೆ ಡಾಕ್ಟರ್ ಪ್ರಫುಲ್ಲಾ ಲಗಮವ್ವನ ರಕ್ತವನ್ನು ಗಾಜಿನ ನಳಿಕೆಯಲ್ಲಿ ತೆಗೆದು ಮೇಜಿನ ಮೇಲೆ ಇಟ್ಟರು. ಇಪ್ಪತ್ತು ನಿಮಿಷ ಯಾರೂ ಅದನ್ನು ಮುಟ್ಟಬಾರದು. ಲಗಮವ್ವನ ಗಂಡ ಕಂಬಳಿ ಹೊದ್ದು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. “ಯವ್ವಾ, ನಮ್ಮಾಕಿ ವಸಡಿನಿಂದ ರಕ್ತ ನಿಂದರವಲ್ದು,” ಎಂದು ಎರಡು ಸಲ ಹೇಳಿದ. ನೀಲಗಂಗಾ ಕೋಣೆಯಿಂದ ಮೇಜಿಗೆ, ಮೇಜಿನಿಂದ ಕೋಣೆಗೆ ತಿರುಗುತ್ತಿದ್ದರು. ಸಮಯವಾದ ಮೇಲೆ ಡಾಕ್ಟರ್ ನಳಿಕೆಯನ್ನು ಓರೆ ಮಾಡಿದರು. ರಕ್ತ ನೀರಿನಂತೆ ಹರಿಯಿತು.

“ಹತ್ತೂ ತೆಗೀರಿ ಮೇಡಂ.”

ನೀಲಗಂಗಾ ನನ್ನ ಟೋಪಿ ಕಿತ್ತರು. ಸೂಜಿ ಬಿರಡೆ ತೂರಿ ಒಳಬಂತು, ನೀರು ಸುರಿಯಿತು. ಅಂಗೈಯಲ್ಲಿ ನನ್ನನ್ನು ಮೆಲ್ಲಗೆ ಆಡಿಸಿದಾಗ ಮೂರು ವರ್ಷ ಗಟ್ಟಿಯಾಗಿ ಕೂತಿದ್ದ ಪುಡಿ ಕರಗಿ ತಿಳಿಯಾಯಿತು. ಆಮೇಲೆ ಅದು ನನ್ನನ್ನು ಬಿಟ್ಟು ಹೋಯಿತು. ನೇತುಹಾಕಿದ ಸಲೈನ್ ಬಾಟಲಿಯಿಂದ ಹನಿ ಹನಿಯಾಗಿ, ನಾನೆಂದೂ ನೋಡದ ಕುದುರೆಯ ಕಸುವು ಲಗಮವ್ವನ ತೋಳಿಗೆ ಇಳಿಯುವುದನ್ನು ನಾನು ಟ್ರೇಯಲ್ಲಿ ಅಡ್ಡಬಿದ್ದು ನೋಡಿದೆ.

ಮರುದಿನ ಬೆಳಿಗ್ಗೆ ಮತ್ತೊಂದು ನಳಿಕೆ. ಡಾಕ್ಟರ್ ಈ ಸಲ ಅದನ್ನು ತಲೆಕೆಳಗು ಮಾಡಿ ಹಿಡಿದರು. ರಕ್ತ ಹೆಪ್ಪುಗಟ್ಟಿ ತಳಕ್ಕೇ ಅಂಟಿಕೊಂಡಿತ್ತು, ಒಂದು ಹನಿಯೂ ಬೀಳಲಿಲ್ಲ. ಲಗಮವ್ವ ಕಣ್ಣು ತೆರೆದು ಮೊದಲು ಕೇಳಿದ್ದು, “ಮರಿಗೆ ಯಾರು ಹಾಲು ಕುಡಿಸಿದ್ರು?” ಎಂದು. ಗಂಡ ನಕ್ಕ, ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಈಗ ನಾನು ಗಾಜಿನ ಕಸದ ಡಬ್ಬದಲ್ಲಿದ್ದೇನೆ. ಮೇಲೊಬ್ಬ, ಕೆಳಗೊಬ್ಬ, ಎಲ್ಲರೂ ಖಾಲಿ. ವಾರಕ್ಕೊಮ್ಮೆ ಬರುವ ಗಾಡಿ ನಮ್ಮನ್ನು ಒಯ್ಯುತ್ತದೆ, ಕುಲುಮೆಯಲ್ಲಿ ಕರಗಿಸುತ್ತಾರಂತೆ. ಮೈಮೇಲಿನ ಎರಡನೆಯ ತಾರೀಖಿಗೆ ಇನ್ನೂ ಒಂಬತ್ತು ತಿಂಗಳಿದೆ. ಅದರ ಭಯ ಈಗಿಲ್ಲ. ಮೂರು ವರ್ಷ ನಾನು ಬೈದುಕೊಂಡದ್ದು ನನ್ನ ಹಣೆಬರಹವನ್ನು. ಆದರೆ ನನ್ನನ್ನು ಕಟ್ಟಿಹಾಕಿದ್ದು ಹಣೆಬರಹವಲ್ಲ, ಒಬ್ಬರಿಗೊಬ್ಬರು ಹೇಳದ ಒಂದು ಅಂಕಿ.

ಪಕ್ಕದ ಕೋಣೆಯಲ್ಲಿ ನೀಲಗಂಗಾ ಫೋನು ಹಿಡಿದಿದ್ದಾರೆ. “ಹಲೋ, ಕರೇಕಲ್ಲು. ನಮ್ಮಲ್ಲಿ ಸೊನ್ನೆ ಐತಿ. ನಿಮ್ಮಲ್ಲಿ ಎಷ್ಟದಾವ್ರೀ?” ಅವರ ಪಕ್ಕದಲ್ಲೇ ಕುರ್ಚಿ ಇದೆ. ಆ ಕಡೆಯಿಂದ ಉತ್ತರ ಬರುವವರೆಗೆ ಅವರು ಕೂರುವುದಿಲ್ಲ.