ಹಕ್ಕಿ ಕರೆಯುವ ಪೆಟ್ಟಿಗೆ

ನಾನು ಪ್ಲಾಸ್ಟರ್ ಹಕ್ಕಿಗಳಿಗೆ ಬಣ್ಣ ಬಳಿಯುವವಳು. ಕಡಲಹಕ್ಕಿಗಳು ಬಿಟ್ಟುಹೋದ ದ್ವೀಪದಲ್ಲಿ ಇವನ್ನು ಸಾಲಾಗಿ ನಿಲ್ಲಿಸಿ, ಪಕ್ಕದಲ್ಲೊಂದು ಸ್ಪೀಕರ್ ಪೆಟ್ಟಿಗೆಯಿಟ್ಟು ಹಳೆಯ ಕಾಲದ ಹಕ್ಕಿಗದ್ದಲ ಹಾಕುತ್ತಾರೆ. ಮೇಲೆ ಹಾರುವ ಹಕ್ಕಿ, ನಮ್ಮವರೆಲ್ಲ ಇಲ್ಲಿದ್ದಾರೆ, ಹಾಗಾದರೆ ಮೀನೂ ಇದ್ದೀತು ಎಂದು ಇಳಿಯುತ್ತದೆ. ಮೋಸವೇ. ಒಳ್ಳೆಯದಕ್ಕೆ ಮಾಡುವ ಮೋಸ ಎಂದು ನಾನೂ ನಂಬಿದ್ದೆ.

ಆ ದ್ವೀಪದ ಕಾವಲುಗಾರ ನನ್ನ ಅಣ್ಣ. ಗದ್ದಲವನ್ನು ಟೇಪಿಗೆ ಹಿಡಿದವನೂ ಅವನೇ, ಹಕ್ಕಿ ತುಂಬಿ ತುಳುಕುತ್ತಿದ್ದ ಕಾಲದಲ್ಲಿ. ಹೋದ ವರ್ಷ ಅತ್ತಿಗೆ ತೀರಿಕೊಂಡ ಮೇಲೆ ಅವನು ದಡಕ್ಕೇ ಬಂದಿರಲಿಲ್ಲ. "ನಿಮ್ಮಣ್ಣ ಯಾಕೋ ಸರಿಯಿಲ್ಲ, ಒಂದ್ಸಲ ನೋಡ್ಕೊಂಡ್ ಬನ್ನಿ" ಎಂದು ದೋಣಿಯವನು ಹೇಳಿದ ಮೇಲೆ ನಾನೇ ಹೊರಟೆ.

ದೋಣಿಯಿಂದಲೇ ಗದ್ದಲ ಕೇಳಿಸಿತು. ಬಂಡೆ ತುಂಬ ಹಕ್ಕಿಗಳು. ಪರವಾಗಿಲ್ಲವೇ, ನನ್ನ ಬಣ್ಣ ಕೆಲಸ ಮಾಡಿದೆ ಎಂದು ಬೀಗಿದೆ. ಹತ್ತಿರ ಹೋದರೆ ಒಂದೂ ಬಾಯಿ ಬಿಡುತ್ತಿರಲಿಲ್ಲ. ಸದ್ದೆಲ್ಲ ಪೆಟ್ಟಿಗೆಯದು. ಬಣ್ಣ ಎದ್ದುಹೋದ ನನ್ನದೇ ಒಂದು ಹಕ್ಕಿ ಎಂದುಕೊಂಡು ಎತ್ತಲು ಕೈ ಹಾಕಿದೆ. ಅದು ಬೆಚ್ಚಗಿತ್ತು. ಹಾರಲಿಲ್ಲ, ಕಣ್ಣು ತಿರುಗಿಸಿ ನೋಡಿತು ಅಷ್ಟೇ. ಆಚೆ ಒಂದು ಮರಿ ಪ್ಲಾಸ್ಟರ್ ಕೊಕ್ಕನ್ನು ಕುಕ್ಕುತ್ತಾ ತುತ್ತು ಕೇಳುತ್ತಿತ್ತು. ಆ ಕೊಕ್ಕಿಗೆ ಬಣ್ಣ ಬಳಿದವಳು ನಾನೇ.

ಮನೆಯೊಳಗೆ ಕೂತಿದ್ದ ಅಣ್ಣನ ಅಂಗಿ ಗೂಟಕ್ಕೆ ಸಿಕ್ಕಿಸಿದ ಹಾಗೆ ಮೈಮೇಲೆ ತೂಗುತ್ತಿತ್ತು. ನನಗೆ ಮೊದಲೇ ಬಾಯಿ ಜಾಸ್ತಿ.

"ನೀರು ಬಿಸಿಯಾಗಿ ಮೀನೆಲ್ಲ ದೂರ ಹೋಗಿದೆ ಅಂತ ದೋಣಿಯವ್ರಿಗೆಲ್ಲ ಗೊತ್ತು, ನಿಂಗೊತ್ತಿಲ್ವಾ? ಇಂಥ ವರ್ಷ ಇವು ಮೊಟ್ಟೆಯಿಡದೆ ಬೇರೆ ಕಡೆ ಹೋಗಿ ಬದುಕ್ಕೋತಿದ್ವು. ಈ ಪೆಟ್ಟಿಗೆ ಕರೆದು ಕೂರಿಸ್ಕೊಂಡು ಕೊಲ್ತಿದೆ. ಆರಿಸು ಅದನ್ನ."

"ಆರಿಸಲ್ಲ, ಪುಟ್ಟಿ."

ಅಷ್ಟರಲ್ಲಿ ಗದ್ದಲದ ನಡುವಿನಿಂದ ಒಂದು ಹೆಣ್ಣುದನಿ ತೇಲಿ ಬಂತು. "ರೀ, ಊಟಕ್ಕೆ ಬನ್ನಿ. ಬಡಿಸಿದೀನಿ."

ಅತ್ತಿಗೆಯ ದನಿ. ಅಂದು ಟೇಪಿನಲ್ಲಿ ಅದೂ ಸೇರಿಹೋಗಿತ್ತು.

ಅಣ್ಣ ಎದ್ದ. ಕೈ ತೊಳೆದ. ಅಡುಗೆಮನೆಯ ಮೇಜಿಗೆ ಹೋಗಿ ಖಾಲಿ ತಟ್ಟೆಯ ಮುಂದೆ ಕೂತ. ಸ್ವಲ್ಪ ಹೊತ್ತು ಬಾಗಿಲು ನೋಡಿದ. ಆಮೇಲೆ ಉಂಡವನ ಹಾಗೆ ಎದ್ದು ಮತ್ತೆ ಕೈ ತೊಳೆದ. ದೋಣಿಯವನು ತಂದುಕೊಟ್ಟ ದಿನಸಿ, ಕಟ್ಟಿದ ಹಗ್ಗವನ್ನೂ ಬಿಚ್ಚದ ಹಾಗೆಯೇ ಮೂಲೆಯಲ್ಲಿತ್ತು. ಅಯ್ಯೋ, ಇವನೂ ಆ ಬಂಡೆಯ ಮೇಲೆಯೇ ಕೂತಿದ್ದಾನೆ ಎಂದು ನನಗೆ ಆಗ ಹೊಳೆಯಿತು.

ಹೊರಗೆ ಹೋಗಿ ವೈರ್ ಕಿತ್ತೆಸೆದೆ.

ಸದ್ದು ನಿಂತದ್ದೇ ತಡ, ಹಕ್ಕಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಮೊದಲು ಒಂದು ಹಾರಿತು, ಆಮೇಲೆ ರೆಕ್ಕೆಯಲ್ಲಿ ತ್ರಾಣವಿದ್ದವೆಲ್ಲ ಹಾರಿದವು. ಉಳಿದದ್ದು ನನ್ನ ಪ್ಲಾಸ್ಟರ್ ಸಾಲು, ಅಲ್ಲಲ್ಲಿ ಏಳಲಾಗದವು, ಮತ್ತೆ ಆ ಮರಿ.

ಒಳಗೆ ಬಂದು ಒಲೆ ಹಚ್ಚಿ ಬೇಯಿಸಿದೆ. "ಅಣ್ಣಾ, ಊಟಕ್ಕೆ ಬಾ" ಎಂದೆ. ಅವನು ಕಿಟಕಿಯತ್ತ ಕಿವಿಯಿಟ್ಟು ನಿಂತೇ ಇದ್ದ. ಬೈದೆ, ಕೈ ಹಿಡಿದು ಎಳೆದೆ, ಅತ್ತೆ. ಕಲ್ಲು ಕರಗಿದರೂ ಅವನು ಕರಗಲಿಲ್ಲ. ತಟ್ಟೆಯ ಮೇಲಿನ ಹಬೆ ಆರುತ್ತಾ ಬಂತು. ನಿಲ್ಲಲಾರದೆ ಅವನು ಕಿಟಕಿಯ ಸರಳು ಹಿಡಿದುಕೊಂಡ. ಇನ್ನೆಷ್ಟು ದಿನ ಉಳಿದಾನು ಇವನು ಎಂದು ಭಯವಾಯಿತು.

ಬಾಗಿಲ ಮರೆಗೆ ಹೋದೆ. ಅತ್ತಿಗೆ ಎಳೆಯುತ್ತಿದ್ದಂತೆಯೇ ರಾಗ ಎಳೆದೆ. "ರೀ, ಊಟಕ್ಕೆ ಬನ್ನಿ. ಬಡಿಸಿದೀನಿ."

"ಬಂದೆ ಗುಬ್ಬೀ" ಎಂದ ಅಣ್ಣ. ಅತ್ತಿಗೆಯನ್ನು ಅವನು ಕರೆಯುತ್ತಿದ್ದ ಹೆಸರು ಅದು. ಬಂದು ಕೂತು, ತಟ್ಟೆ ಬಳಿದು ಉಂಡ. ನಾನು ಮರೆಯಲ್ಲೇ ನಿಂತು ಸೆರಗು ಕಚ್ಚಿಕೊಂಡೆ.

ಅವನನ್ನು ನನ್ನ ಮನೆಗೇ ಕರೆತಂದೆ. ಈಗಲೂ ಹೊತ್ತು ಹೊತ್ತಿಗೆ ಬಾಗಿಲ ಮರೆಯಿಂದ ಹಾಗೆಯೇ ಕರೆಯುತ್ತೇನೆ. ಕರೆಯುವ ಮುಂಚೆ, ತಟ್ಟೆಯಲ್ಲಿ ಊಟ ಇದೆಯಾ ಎಂದು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.